ರೋಗಿಯ ಕಡೆಗೆ ತಿರುಗಿದ ಪರದೆ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಸುತ್ತಲ ಪುಟ್ಟ ದ್ವೀಪಗಳಿಗೆಲ್ಲ ದೊಡ್ಡ ಊರಾದ ಮಾಗೊಂಗ್‌ನ ಬಂದರಿನ ಕಟ್ಟೆಯ ಮೇಲೆ ಈಶಾನ್ಯದ ಗಾಳಿ ತಲೆಗೆ ಕಟ್ಟಿದ ವಸ್ತ್ರವನ್ನೂ ಬಿಚ್ಚಿಕೊಂಡು ಹೋಗುವಂತೆ ಬೀಸುತ್ತಿದೆ. ಕೆ ಬಾವ್‌ಜು ತಮ್ಮ ಕೈಗಾಡಿಯ ಹಗ್ಗವನ್ನು ಮೂರನೇ ಸಲ ಎಳೆದು ಬಿಗಿಯುತ್ತಾರೆ. ಗಾಡಿಯ ಮೇಲೆ ಹಳೆಯ ಕೌದಿಯಲ್ಲಿ ಸುತ್ತಿದ ಎರಡು ಮಾನಿಟರ್‌ಗಳಿವೆ. ಒಂದು ಅಗಲ, ಇನ್ನೊಂದು ಹಳೆಯ ಕಾಲದ ಚೌಕ. ಅವುಗಳ ನಡುವೆ ಸಿಕ್ಕಿಸಿದ ಬಿಸ್ಕತ್ತಿನ ಡಬ್ಬದಲ್ಲಿ ಕೇಬಲ್‌ಗಳು, ಸ್ಕ್ರೂಡ್ರೈವರ್, ಮೂಲೆ ಮಡಚಿದ ಒಂದು ಶಾಲಾ ನೋಟ್‌ಬುಕ್ಕು.

ದೋಣಿಯವನಿಗೆ ಇವರು ಹೊಸಬರಲ್ಲ. ಅಲೆ ಎರಡಾಳು ಎತ್ತರವಿದೆ, ಗಾಡಿ ನಿಲ್ಲುವುದಿಲ್ಲ ಎಂದು ಮೊದಲೇ ಎಚ್ಚರಿಸುತ್ತಾನೆ. ಆಮೇಲೆ ನಗುತ್ತಾ, "ಅಕ್ಕ, ನಿಮ್ಮ ಎರಡು ಮಕ್ಕಳನ್ನೂ ಮಡಿಲಲ್ಲಿ ಕೂರಿಸ್ಕೊಳ್ಳಿ. ವಾಂತಿ ಮಾಡ್ಕೊಂಡ್ರೆ ತೊಳೆಯೋದು ನಾನಲ್ಲ" ಅನ್ನುತ್ತಾನೆ. ಬಾವ್‌ಜು ಅಕ್ಷರಶಃ ಹಾಗೇ ಮಾಡುತ್ತಾರೆ. ಅಗಲದ್ದನ್ನು ತೊಡೆಯ ಮೇಲೆ ಇಟ್ಟುಕೊಂಡು, ಚೌಕದ್ದನ್ನು ಎದೆಗೆ ಒರಗಿಸಿಕೊಂಡು, ನಲವತ್ತು ನಿಮಿಷದ ಆ ಕಡಲ ದಾರಿಗೆ ಸಿದ್ಧರಾಗಿ ಕೂರುತ್ತಾರೆ.

ಎಂದಿನ ದಿನವಾಗಿದ್ದರೆ ದೋಣಿಯಲ್ಲೇ ಒಂದು ನಿದ್ದೆ ತೆಗೆಯುವವರು. ಇವತ್ತು ಕಣ್ಣು ಮುಚ್ಚುವುದಿಲ್ಲ. ಅವರು ಹೊರಟಿರುವುದು ಚಿಂಗ್‌ಶಾ ದ್ವೀಪದ ಪುಟ್ಟ ಆಸ್ಪತ್ರೆಗೆ. ಅಲ್ಲಿ ಅವರೇ ಇಟ್ಟ ಎರಡನೇ ಪರದೆ ಹತ್ತು ತಿಂಗಳಿಂದ ಬಟ್ಟೆ ಹೊದ್ದುಕೊಂಡು ಗೋಡೆಗೆ ಮುಖ ಮಾಡಿ ನಿಂತಿದೆ. ಆ ಪರದೆಯಿಂದಾಗಿ ಒಬ್ಬ ಮುದುಕ, ಮನೆಯವರೆಲ್ಲ ಸೇರಿ ಅವನಿಂದ ಮುಚ್ಚಿಟ್ಟಿದ್ದ ಸಂಗತಿಯೊಂದನ್ನು ಓದಿಬಿಟ್ಟಿದ್ದ. ಅದನ್ನು ಮತ್ತೆ ಇಡಬೇಕೆಂದು ಈಗ ಹೇಳಿ ಕಳಿಸಿರುವುದು ಅಂದು ಬಾವ್‌ಜು ಮುಖಕ್ಕೆ ಬಾಗಿಲು ಹಾಕಿದ್ದ ಅದೇ ಮುದುಕನ ಮಗಳು. ಯಾಕೆ ಎಂದು ಆಕೆ ಹೇಳಿಲ್ಲ. ಬಾವ್‌ಜು ಕೇಳಿಲ್ಲ.

ಅರವತ್ತೊಂದು ವರ್ಷದ ಬಾವ್‌ಜು ಮಾಡುವ ಕೆಲಸಕ್ಕೆ ಸರಿಯಾದ ಒಂದು ಹೆಸರಿಲ್ಲ. ಕಚೇರಿಗಳು, ಬ್ಯಾಂಕುಗಳು ಕೈಬಿಟ್ಟ ಕಂಪ್ಯೂಟರ್‌ಗಳನ್ನು ಮನೆಗೆ ತರುತ್ತಾರೆ. ಧೂಳು ಊದಿ, ಒಳಗಿನ ಗುಂಡಿಯಂಥ ಬ್ಯಾಟರಿ ಬದಲಿಸಿ, ಲಿನಕ್ಸ್ ಎಂಬ ಹಗುರ ವ್ಯವಸ್ಥೆ ತುಂಬುತ್ತಾರೆ. ಹೊಸ ವ್ಯವಸ್ಥೆಯ ಭಾರ ಹೊರಲಾರದ ಮುದಿ ಯಂತ್ರಗಳು ಲಿನಕ್ಸ್ ಹಾಕಿದ ಮೇಲೆ ಇನ್ನೂ ಆರೇಳು ವರ್ಷ ದುಡಿಯುತ್ತವೆ. ಅವು ದ್ವೀಪಗಳ ಶಾಲೆಗೆ, ಹಿರಿಯರ ಸಭಾಂಗಣಕ್ಕೆ, ಆಸ್ಪತ್ರೆಗೆ ಹೋಗುತ್ತವೆ. ಹನ್ನೊಂದು ವರ್ಷದಲ್ಲಿ ಇಂಥ ನೂರ ನಲವತ್ಮೂರು ಯಂತ್ರಗಳು ಇವರ ಕೈ ದಾಟಿವೆ. ಅವುಗಳಲ್ಲಿ ಮೂವತ್ತೆಂಟಕ್ಕೆ ಎರಡೆರಡು ಪರದೆ. ಆ ಮೂವತ್ತೆಂಟೇ ಇವರ ನಿಜವಾದ ಕಸುಬು.

ಒಂದು ಕಂಪ್ಯೂಟರಿಗೆ ಎರಡು ಮಾನಿಟರ್ ಜೋಡಿಸುವುದೇನು ಮಹಾ ವಿದ್ಯೆ, ಕೇಬಲ್ ಸಿಕ್ಕಿಸಿದರೆ ಆಯಿತಲ್ಲ ಎಂದು ಕೇಳುವವರು ಇದ್ದೇ ಇದ್ದಾರೆ. ಬಾವ್‌ಜು ಅವರ ಮೇಲೆ ಸಿಟ್ಟಾಗುವುದಿಲ್ಲ. ಒಂದು ಮೌಸ್ ಅವರ ಕೈಗೆ ಕೊಟ್ಟು, ಬಲಗಡೆಯ ಪರದೆಗೆ ಹೋಗಿ ಬನ್ನಿ ಅನ್ನುತ್ತಾರೆ. ಬಾಣದ ಗುರುತು ಬಲಕ್ಕೆ ಹೋಗಿ ಗೋಡೆಗೆ ಬಡಿದ ಹಾಗೆ ನಿಂತುಬಿಡುತ್ತದೆ. ಬುದ್ಧಿವಂತರು ಎಡಕ್ಕೆ ಎಳೆದು ನೋಡುತ್ತಾರೆ, ಆಗ ಅದು ಬಲಗಡೆಯ ಪರದೆಯಲ್ಲಿ ಪ್ರತ್ಯಕ್ಷವಾಗುತ್ತದೆ. ಮೇಜಿನ ಮೇಲೆ ಯಾವ ಪರದೆ ಯಾವ ಕಡೆ ಕೂತಿದೆ ಎಂಬುದು ಯಂತ್ರಕ್ಕೆ ಕಾಣುವುದಿಲ್ಲ, ಮನುಷ್ಯರೇ ಹೇಳಬೇಕು.

"ಅದಕ್ಕೆ ಎಡ ಬಲ ಗೊತ್ತಿಲ್ಲ. ಹೊಸ ಸೊಸೆಗೆ ಅಡುಗೆಮನೆ ತೋರಿಸಿದ ಹಾಗೆ ಒಂದೊಂದೇ ಹೇಳ್ಬೇಕು. ಇದು ದೊಡ್ಡದು, ಇದು ಚಿಕ್ಕದು, ಇದು ಇದರ ಬಲಕ್ಕೆ, ಇದರಲ್ಲಿ ಅಕ್ಷರ ದಪ್ಪ. ಎಲ್ಲಾ ಕೇಳಿಸ್ಕೊಂಡು ತಲೆ ಆಡಿಸುತ್ತೆ. ಬೆಳಿಗ್ಗೆ ಎದ್ದರೆ ಮರೆತಿರುತ್ತೆ" ಅನ್ನುತ್ತಾರೆ ಬಾವ್‌ಜು.

ಮರೆಯದ ಹಾಗೆ ಮಾಡುವುದಕ್ಕೆ ಆ ಶಾಲಾ ನೋಟ್‌ಬುಕ್ಕು. ಇಂಥದ್ದು ಅವರ ಹತ್ತಿರ ನಾಲ್ಕಿವೆ. ಇಂಗ್ಲಿಷ್ ಓದಲು ಬಾರದ ಬಾವ್‌ಜು ಪ್ರತಿ ಕಮಾಂಡನ್ನೂ ಚಿತ್ರ ಬಿಡಿಸಿದಂತೆ ಅಕ್ಷರ ಅಕ್ಷರವಾಗಿ ಬರೆದಿಟ್ಟಿದ್ದಾರೆ, ಎಲ್ಲಿ ಜಾಗ ಬಿಡಬೇಕೋ ಅಲ್ಲಿ ಕೆಂಪು ಚುಕ್ಕೆ ಇಟ್ಟಿದ್ದಾರೆ. ಪರದೆಗಳನ್ನು ಸಾಲಾಗಿಸುವ ಕಮಾಂಡ್ ಬರೆದ ಪುಟ ಎಷ್ಟು ಸಲ ತಿರುವಿ ಹಾಕಿದ್ದಾರೆಂದರೆ ಅದರ ಅಂಚು ಬಟ್ಟೆಯ ಹಾಗೆ ಮೆತ್ತಗಾಗಿದೆ. ಯಂತ್ರ ಎದ್ದಾಗಲೆಲ್ಲ ತಾನೇ ಓದಿಕೊಳ್ಳುವ ಹಾಗೆ ಅದನ್ನು ಒಂದು ಪುಟ್ಟ ಕಡತದಲ್ಲಿ ಬರೆದಿಡುತ್ತಾರೆ. ಅದನ್ನು ಅವರು ಕರೆಯುವುದು 'ಅತ್ತೆಯ ಚೀಟಿ' ಎಂದು.

ಈ ಕೆಲಸಕ್ಕೆ ಕೈ ಹಾಕಿದ್ದು ತಾಯಿಯಿಂದಾಗಿ. ಮಂಡಿನೋವಿನ ಮುದುಕಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಡಾಕ್ಟರು ಇಡೀ ಹೊತ್ತು ತಮ್ಮ ಪರದೆ ನೋಡುತ್ತಾ ಮಾತಾಡಿದರು, ತಾಯಿ ಡಾಕ್ಟರನ್ನು ನೋಡುತ್ತಾ ಕೂತಿದ್ದರು. ಹೊರಗೆ ಬಂದ ಮೇಲೆ ಡಾಕ್ಟರು ಏನಂದರು ಎಂದು ಮಗಳು ಕೇಳಿದಾಗ ಮುದುಕಿ ಹೇಳಿದ್ದು ಇಷ್ಟೇ: "ಅವರ ಎಡಗಿವಿ ತುಂಬ ಲಕ್ಷಣವಾಗಿದೆ. ಮುಖ ಹೇಗಿದೆಯೋ ಗೊತ್ತಾಗಲಿಲ್ಲ."

ಅವತ್ತೇ ಬಾವ್‌ಜುಗೆ ಹೊಳೆದದ್ದು, ಡಾಕ್ಟರಿಗೊಂದು ಪರದೆ ಇದ್ದರೆ ರೋಗಿಗೂ ಒಂದಿರಲಿ ಎಂದು. ಡಾಕ್ಟರು ತಮ್ಮ ಕಡತ ತಮ್ಮ ಕಡೆ ತೆರೆದುಕೊಳ್ಳಲಿ. ತೋರಿಸಬೇಕಾದದ್ದನ್ನು, ಮೂಳೆಯ ಚಿತ್ರವೋ ಮಾತ್ರೆ ನುಂಗುವ ಹೊತ್ತೋ, ಎಳೆದು ಈಚೆಗೆ ತಂದು ದಪ್ಪಕ್ಷರದಲ್ಲಿ ತೋರಿಸಲಿ. ಒಂಬತ್ತು ದ್ವೀಪಗಳ ಆಸ್ಪತ್ರೆಗಳಲ್ಲಿ ಈಗ ಹೀಗೇ ಇದೆ. ಮುದುಕರು ಕೂತ ಕೂಡಲೇ ಕನ್ನಡಕ ತೆಗೆದು ಒರೆಸಿಕೊಳ್ಳುವುದು ಅಲ್ಲೆಲ್ಲ ವಾಡಿಕೆಯಾಗಿದೆ.

ಪರದೆಗಳ ಜೊತೆ ಬಾವ್‌ಜು ನಂಟು ಅದಕ್ಕೂ ಹಳೆಯದು. ಹದಿನೇಳರಲ್ಲಿ ದ್ವೀಪ ಬಿಟ್ಟು ತಾವ್‌ಯುವಾನ್‌ನ ಮಾನಿಟರ್ ಕಾರ್ಖಾನೆ ಸೇರಿದವರು. ಕೆಲಸವೆಂದರೆ ನೋಡುವುದು. ಕತ್ತಲೆ ಕೋಣೆಯಲ್ಲಿ ಒಂದಾದ ಮೇಲೊಂದು ಪರದೆ ಬರುತ್ತಿತ್ತು, ಬಿಳಿ, ಕೆಂಪು, ಹಸಿರು, ನೀಲಿ, ಕಪ್ಪು. ಎಲ್ಲಾದರೂ ಬಣ್ಣ ಬದಲಿಸದೆ ಸತ್ತು ಕೂತ ಚುಕ್ಕೆ ಕಂಡರೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಬೇಕು. ದಿನಕ್ಕೆ ಸುಮಾರು ಸಾವಿರದ ನೂರು ಪರದೆಗಳು. ಇಪ್ಪತ್ತೆರಡು ವರ್ಷ ನೋಡಿದರು. ಕಾರ್ಖಾನೆ ಕಡಲಾಚೆಗೆ ಗಂಟು ಕಟ್ಟಿಕೊಂಡು ಹೋದಾಗ ಇವರು ಊರಿಗೆ ಮರಳಿ, ಕಡಲೆಮಿಠಾಯಿಯ ಅಂಗಡಿಯಲ್ಲಿ ಹನ್ನೊಂದು ವರ್ಷ ಪಾಕ ಕದಡಿದರು. ಐವತ್ತರ ಹರೆಯದಲ್ಲಿ ಹೈಸ್ಕೂಲು ಮಾಸ್ತರರೊಬ್ಬರು ನಡೆಸುತ್ತಿದ್ದ ಕಂಪ್ಯೂಟರ್ ತರಗತಿಗೆ ಸೇರಿದ್ದು, ತಮಾಷೆಗೆ ಎನ್ನುತ್ತಾರೆ. ಪರದೆಯ ಮೇಲೆ ಲಿನಕ್ಸಿನ ಗುರುತಾದ ಪೆಂಗ್ವಿನ್ ಕಂಡದ್ದೇ ಇಷ್ಟವಾಯಿತಂತೆ. ಈ ಲಿನಕ್ಸನ್ನು ಎಲ್ಲೆಲ್ಲೋ ಇರುವ ಜನ ಬರೆದು ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಬಿಟ್ಟಿದ್ದಾರೆ ಎಂದು ಕೇಳಿದಾಗ ಮೊದಲು ನಂಬಲಿಲ್ಲ. ಆಮೇಲೆ, ನಂಬಿದ ಮೇಲೆ, ತಾವೂ ಏನಾದರೂ ಕೊಡಬೇಕು ಅನ್ನಿಸಿತು. ದೋಣಿಯ ಟಿಕೆಟ್ಟು ಮತ್ತು ಮಧ್ಯಾಹ್ನದ ಊಟದ ಡಬ್ಬಿ ಬಿಟ್ಟರೆ ಇವರು ಯಾವ ದ್ವೀಪದಿಂದಲೂ ಏನನ್ನೂ ತೆಗೆದುಕೊಳ್ಳುವುದಿಲ್ಲ.

ಇಂಥವರ ಕೈಯಲ್ಲೂ ತಪ್ಪಾಗುತ್ತದೆ. ಚಿಂಗ್‌ಶಾದಲ್ಲಿ ಆದದ್ದನ್ನು ಬಾವ್‌ಜು ಯಾರ ಮೇಲೂ ಹೊರಿಸದೆ, ಒಂದು ಮಾತನ್ನೂ ಬಿಡದೆ ಹೇಳುತ್ತಾರೆ.

ಚಿಂಗ್‌ಶಾದ ಲು ಶುಯ್‌ಮು ಅಜ್ಜನಿಗೆ ಎಂಬತ್ತೆರಡು. ಅರವತ್ತು ವರ್ಷ ಕಡಲಿಗೆ ಹೋದ ಆಳು. ಕಳೆದ ಚಳಿಗಾಲದಲ್ಲಿ ಕೆಮ್ಮು ಬಿಡದೆ ಹಿಡಿದು, ಮಗಳು ಮೆಯ್‌ಯುನ್ ದೊಡ್ಡ ಊರಿನ ಆಸ್ಪತ್ರೆಗೆ ಕರೆದೊಯ್ದಳು. ಶ್ವಾಸಕೋಶದಲ್ಲಿ ಗಡ್ಡೆ, ಕತ್ತರಿಸುವ ಹಂತ ದಾಟಿದೆ ಎಂದು ಅಲ್ಲಿ ಹೇಳಿದ್ದು ಮಗಳಿಗೆ. ಅಪ್ಪನಿಗೆ ಹೇಳಬೇಡಿ ಎಂದು ಮಗಳು ಕೈಮುಗಿದಳು. ಇದರಲ್ಲಿ ಅಚ್ಚರಿಯೇನೂ ಇಲ್ಲ, ಇಲ್ಲಿನ ಮನೆಗಳಲ್ಲಿ ಹತ್ತಕ್ಕೆ ಎಂಟು ಜನ ಹಾಗೇ ಮಾಡುತ್ತಾರೆ. ಮುದುಕರಿಗೆ ತಿಳಿದರೆ ಧೈರ್ಯ ಒಡೆದು ಬೇಗ ಹೋಗುತ್ತಾರೆ ಎಂಬ ನಂಬಿಕೆ. ಹಳೆಯ ಕೆಮ್ಮು, ಚಳಿ ಹೋದರೆ ಹೋಗುತ್ತದೆ ಎಂದು ಎಲ್ಲರೂ ಅಜ್ಜನಿಗೆ ಹೇಳಿದರು. ದ್ವೀಪದ ಆಸ್ಪತ್ರೆಗೆ ಬಂದ ಕಡತದ ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ ಒಂದು ಸಾಲು ಸೇರಿತು: ಕುಟುಂಬದ ಕೋರಿಕೆ, ರೋಗಿಗೆ ತಿಳಿಸಬಾರದು.

ಹೊಸ ವರ್ಷಕ್ಕೆ ಎರಡು ದಿನ ಮುಂಚೆ, ಎಲ್ಲ ಮನೆಗಳಲ್ಲಿ ಆಗುವಂತೆ, ಆಸ್ಪತ್ರೆಯಲ್ಲೂ ವರ್ಷದ ಕೊಳೆ ತೊಳೆಯುವ ಕೆಲಸ ನಡೆಯಿತು. ನರ್ಸ್ ಪೇಯ್‌ಚೆನ್ ಮೇಜು ಸರಿಸಿದಳು, ಕೇಬಲ್‌ಗಳನ್ನೆಲ್ಲ ಕಿತ್ತು ಒಂದೊಂದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಸಿಕ್ಕಿಸಿದಳು. ಎರಡೂ ಮಾನಿಟರ್ ಒಂದೇ ಬ್ಯಾಂಕಿನಿಂದ ಬಂದ ಅವಳಿ ಜವಳಿ. ಕೇಬಲ್ ಕೂಡ ಒಂದೇ ತರಹ, ಯಂತ್ರದ ಬೆನ್ನಿನ ಕಿಂಡಿಗಳೂ ಒಂದೇ ತರಹ. ಡಾಕ್ಟರ ಕೇಬಲ್ ರೋಗಿಯ ಕಿಂಡಿಗೆ ಹೋಯಿತು, ರೋಗಿಯದು ಡಾಕ್ಟರ ಕಿಂಡಿಗೆ.

ರಜೆ ಮುಗಿದ ಮೊದಲ ದಿನ ಬೆಳಿಗ್ಗೆ ಮೊದಲ ಸರದಿ ಶುಯ್‌ಮು ಅಜ್ಜನದು, ಆಗಲೇ ಬಂದು ರೋಗಿಯ ಕುರ್ಚಿಯಲ್ಲಿ ಕೂತಿದ್ದ. ಪೇಯ್‌ಚೆನ್ ಯಂತ್ರ ಹಚ್ಚಿ ಗುಪ್ತಪದ ಒತ್ತಿದಳು. ಅಷ್ಟರಲ್ಲಿ ಒಲೆಯ ಮೇಲಿನ ನೀರು ಕೂಗಿತು, ಒಳಗೆ ಹೋದಳು. ಡಾಕ್ಟರ ದೋಣಿ ಇನ್ನೂ ಬಂದಿರಲಿಲ್ಲ. ಅತ್ತೆಯ ಚೀಟಿ ತನ್ನ ಪಾಡಿಗೆ ಓದಿಕೊಂಡಿತು, ಮೊದಲ ಸರದಿಯ ಕಡತ ತಾನೇ ತೆರೆದುಕೊಂಡಿತು. ಡಾಕ್ಟರ ಕಡೆ ತೆರೆಯಬೇಕಾದದ್ದು ಅಜ್ಜನ ಮುಖದೆದುರು ತೆರೆಯಿತು. ಅಜ್ಜ ದಿನಪತ್ರಿಕೆಯನ್ನು ಕೊನೆಯ ಪುಟದವರೆಗೂ ಓದುವ ಮನುಷ್ಯ. ಕನ್ನಡಕ ಹಾಕಿಕೊಂಡು ಓದಿದ.

ಓದಿ ಏನೂ ಮಾಡಲಿಲ್ಲ. ಪೇಯ್‌ಚೆನ್ ಬಿಸಿನೀರಿನ ಫ್ಲಾಸ್ಕು ಹಿಡಿದು ಬಂದು ಪರದೆ ನೋಡಿ ಯಂತ್ರವನ್ನೇ ಆರಿಸಿದಾಗ ಅಜ್ಜ ಕಿಟಕಿಯಾಚೆ ನೋಡುತ್ತಿದ್ದ, ಕನ್ನಡಕ ಜೇಬಿನಲ್ಲಿತ್ತು. ಇವನು ನೋಡಿಲ್ಲ ಎಂದುಕೊಂಡಳು ಆಕೆ. ಡಾಕ್ಟರ ಹತ್ತಿರ ಅಜ್ಜ ರಕ್ತದೊತ್ತಡದ ಮಾತ್ರೆಯ ಬಗ್ಗೆ ಮಾತ್ರ ಕೇಳಿದ. ಮನೆಗೆ ಹೋಗಿ ಮಗಳು ಬಡಿಸಿದ ಮೀನಿನ ಗಂಜಿ ಉಂಡ, ಕೆಮ್ಮು ಕಮ್ಮಿಯಾಗಿದೆ ಅಂದ. ಈಗ ಅವನೂ ನಾಟಕಕ್ಕೆ ಸೇರಿಕೊಂಡಿದ್ದ.

ಬಯಲಾದದ್ದು ಮೂರು ವಾರದ ಮೇಲೆ. ಅಜ್ಜ ಒಬ್ಬನೇ ದೋಣಿ ಹತ್ತಿ ಮಾಗೊಂಗ್‌ಗೆ ಹೋಗಿ, ನೀಲಿ ಅಂಗಿ ತೊಟ್ಟು, ಶವದ ಮುಂದೆ ಇಡುವ ಅಳತೆಯಲ್ಲಿ ತನ್ನ ಫೋಟೋ ತೆಗೆಸಿಕೊಂಡು ಬಂದಿದ್ದ. ಫೋಟೋದವನು ಸುತ್ತಿದ ಕಟ್ಟನ್ನು ಮನೆಗೆ ಕಳಿಸಿದಾಗ ಬಿಚ್ಚಿದ್ದು ಮೆಯ್‌ಯುನ್. ಆಸ್ಪತ್ರೆಯ ಪರದೆಯಲ್ಲಿ ಓದಿದ್ದನ್ನು ಅಜ್ಜ ಆಗ ಒಪ್ಪಿಕೊಂಡ.

ಆಮೇಲೆ ಆಸ್ಪತ್ರೆಯಲ್ಲಿ ಆದ ಗದ್ದಲ ಇಡೀ ದ್ವೀಪಕ್ಕೆ ಕೇಳಿಸಿತು. ತಪ್ಪಿಗೆ ತಲೆಗೊಂದು ಕಾರಣ ಹುಡುಕಿದರು. ಇಲ್ಲಿ ಕೆಲಸದ ಯಂತ್ರದ ಮೇಲೆಲ್ಲ ತೆಂಗಿನ ರುಚಿಯ ಕುರುಕಲಿನ ಹಸಿರು ಪೊಟ್ಟಣ ಇಡುವ ರೂಢಿಯುಂಟು, ಅದಿದ್ದರೆ ಯಂತ್ರ ಹಟ ಮಾಡುವುದಿಲ್ಲವಂತೆ. ಆ ಪೊಟ್ಟಣದ ತಾರೀಖು ಮುಗಿದು ಹೋಗಿತ್ತು, ಅದಕ್ಕೇ ಹೀಗಾಯಿತು ಎಂದು ಹಿರಿಯರೊಬ್ಬರು ತೀರ್ಪು ಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಪೇಯ್‌ಚೆನ್ ಅಳುತ್ತಾ ಕೂತಳು. ವಿಷಯ ತಿಳಿದ ಬಾವ್‌ಜು ಮರುದಿನದ ಮೊದಲ ದೋಣಿಗೆ ಹೊರಟು ಬಂದರು, ಎಲ್ಲರೆದುರು ಹೇಳಿದರು:

"ಪೊಟ್ಟಣದ್ದೂ ತಪ್ಪಲ್ಲ, ಈ ಹುಡುಗೀದೂ ತಪ್ಪಲ್ಲ. ನಾನು ಚೀಟಿಯಲ್ಲಿ ಕಿಂಡಿಯ ಹೆಸರು ಬರೆದಿದ್ದೆ. ಪರದೆಯ ಹೆಸರು ಬರೀಬೇಕಿತ್ತು. ಅದು ಕಿಂಡಿ ನೋಡ್ತು, ಎದುರಿಗೆ ಯಾರು ಕೂತಿದ್ದಾರೆ ಅಂತ ನೋಡಲಿಲ್ಲ."

ಬರುವಾಗ ಸ್ಟೀಲಿನ ಮುಚ್ಚಳದ ಪಾತ್ರೆಯೊಂದರಲ್ಲಿ ಹಂದಿಕಾಲಿನ ಸಾರು, ಎಳೆ ಶಾವಿಗೆ ತಂದಿದ್ದರು. ಕೇಡು ತಟ್ಟಿದ ಮನೆಗೆ ಅದನ್ನು ಒಯ್ದು ಕ್ಷಮೆ ಕೇಳುವುದು ಇಲ್ಲಿನ ರಿವಾಜು. ಬಾಗಿಲಿಗೆ ಬಂದ ಮೆಯ್‌ಯುನ್ ಪಾತ್ರೆಯನ್ನು ಮುಟ್ಟಲಿಲ್ಲ. ಅವಳು ಆಡಿದ ಮಾತು ಬಾವ್‌ಜುಗೆ ಇವತ್ತಿಗೂ ಬಾಯಿಪಾಠ:

"ನಾವು ಮನೆಮಂದಿಯೆಲ್ಲ ತುಟಿ ಕಚ್ಚಿ ಕಾಪಾಡ್ಕೊಂಡು ಬಂದದ್ದನ್ನ ನಿಮ್ಮ ಆ ಪೆಟ್ಟಿಗೆ ಒಂದು ಗಳಿಗೆಯಲ್ಲಿ ಹಾಳು ಮಾಡ್ತು. ಅಕ್ಕ, ಅದನ್ನ ತಗೊಂಡು ಹೋಗಿ."

ಬಾಗಿಲು ಮುಚ್ಚಿತು. ಬಾವ್‌ಜು ಪಾತ್ರೆ ಹಿಡಿದು ಮನೆಯ ಹಿಂದಿನ ಹವಳಗಲ್ಲಿನ ಗೋಡೆಗುಂಟ ಬಂದರಿನತ್ತ ಹೆಜ್ಜೆ ಹಾಕುತ್ತಿದ್ದಾಗ ಹಿತ್ತಿಲ ಬಾಗಿಲಿಂದ ಒಂದು ಕೈ ಸನ್ನೆ ಮಾಡಿತು. ಶುಯ್‌ಮು ಅಜ್ಜ. ಒಳಗೆ ಕೇಳಿಸದ ಹಾಗೆ ಮುಚ್ಚಳ ತೆಗೆದು ಮೂಸಿ ನೋಡಿದ, ಗೋಡೆಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತ, ಅರ್ಧ ಪಾತ್ರೆ ಖಾಲಿ ಮಾಡಿದ. ಉಪ್ಪು ಒಂದು ಚೂರು ಹೆಚ್ಚು ಎಂದ. ಆಮೇಲೆ ಹೇಳಿದ:

"ಅರವತ್ತು ವರ್ಷ ಬಿರುಗಾಳಿ ಸುದ್ದಿ ಕೇಳ್ದೆ ನಾನು ದೋಣಿ ಬಿಚ್ಚಿದವನಲ್ಲ ಮಗಳೇ. ಈ ಸಲ ಮಾತ್ರ ಮನೆಯವರೇ ರೇಡಿಯೋ ಬಚ್ಚಿಟ್ಟುಬಿಟ್ಟಿದ್ರು. ಗೊತ್ತಾದ್ರೆ ಹೆದರ್ತೀನಿ ಅಂತ. ಹೆದರಿದೆ. ಹೆದರಿ, ಬಲೆ ಎಳ್ಕೊಳ್ಳೋಕೆ ಶುರು ಮಾಡಿದೆ. ಅಷ್ಟೇ ಬೇಕಾಗಿದ್ದದ್ದು."

ಪಾತ್ರೆ ಇಲ್ಲೇ ಇರಲಿ, ಉಳಿದದ್ದು ನಾಳೆಗೆ ಎಂದು ಅವನೇ ಇಟ್ಟುಕೊಂಡ. ಮಗಳ ಮೇಲೆ ಬೇಸರ ಮಾಡಿಕೊಳ್ಳಬೇಡ, ಅವಳು ಹಾಗೆ ಮಾಡಿದ್ದು ಪ್ರೀತಿಗೆ ಎಂದೂ ಹೇಳಿದ. ಶರತ್ಕಾಲದ ನಡುವಿನ ಹಬ್ಬದ ಹುಣ್ಣಿಮೆ ಕಳೆದು ಹನ್ನೊಂದನೇ ದಿನ ಅಜ್ಜ ತೀರಿಕೊಂಡ. ಅಷ್ಟರೊಳಗೆ ಬಲೆಗಳನ್ನು ಮೂರು ಮನೆಗೆ ಹಂಚಿದ್ದ, ಮುನಿಸಿಕೊಂಡು ಹದಿನಾಲ್ಕು ವರ್ಷವಾಗಿದ್ದ ತಮ್ಮನ ಮನೆಗೆ ಹೋಗಿ ಉಂಡು ಬಂದಿದ್ದ. ಬಾವ್‌ಜು ಅಂತ್ಯಕ್ರಿಯೆಗೆ ಬಂದವರು ಸಾಲಿನ ಕೊನೆಯಲ್ಲಿ ನಿಂತು, ಧೂಪ ಹಚ್ಚಿ, ಯಾರ ಕಣ್ಣಿಗೂ ಬೀಳದೆ ಹೊರಟು ಹೋದರು.

ಆ ಹತ್ತು ತಿಂಗಳು ಅವರು ಹೊಸದಾಗಿ ಒಂದೂ ಎರಡನೇ ಪರದೆ ಇಡಲಿಲ್ಲ. ಸುಮ್ಮನೆ ಕೂತಿದ್ದರೆಂದಲ್ಲ. ಉಳಿದ ಎಂಟು ದ್ವೀಪಗಳ ಆಸ್ಪತ್ರೆಗಳಿಗೂ ಹೋಗಿ ಅತ್ತೆಯ ಚೀಟಿಗಳನ್ನು ಬದಲಿಸಿದರು. ಪ್ರತಿ ಮಾನಿಟರಿನ ಹೊಟ್ಟೆಯೊಳಗೂ ಅದು ಯಾರು, ಅದರ ಹುಟ್ಟಿದ ಸಂಖ್ಯೆ ಏನು ಎಂಬ ಗುರುತು ಇರುತ್ತದೆ, ಯಂತ್ರ ಕೇಳಿದರೆ ಅದು ಹೇಳುತ್ತದೆ. ಈಗಿನ ಚೀಟಿ ಮೊದಲು ಆ ಗುರುತು ಕೇಳುತ್ತದೆ. ಇದು ರೋಗಿಯ ಪರದೆ ಎಂದು ಖಾತ್ರಿಯಾಗದಿದ್ದರೆ ಆ ಕಡೆ ಬೆಳಕನ್ನೇ ಬಿಡುವುದಿಲ್ಲ. ಖಾತ್ರಿಯಾದರೂ ಅಲ್ಲಿ ಖಾಲಿ ನೀಲಿ ಬಣ್ಣ ಮಾತ್ರ, ಡಾಕ್ಟರು ಎಳೆದು ತಂದದ್ದಷ್ಟೇ ಕಾಣುತ್ತದೆ. ಸರದಿಯ ಕಡತ ತಾನೇ ತೆರೆದುಕೊಳ್ಳುವ ಏರ್ಪಾಡನ್ನೂ ಕಿತ್ತು ಹಾಕಿದರು. ಇಷ್ಟೂ ಸಾಲದೆಂಬಂತೆ, ಕಣ್ಣಿಗೆ ಚೆಂದವಿಲ್ಲದಿದ್ದರೂ, ಜೋಡಿಗೆ ಜೋಡಿಯಲ್ಲದ ಮಾನಿಟರ್‌ಗಳನ್ನೇ ಆರಿಸುತ್ತಾರೆ. ಒಂದಕ್ಕೆ ನೀಲಿ ತಲೆಯ ಕೇಬಲ್, ಇನ್ನೊಂದಕ್ಕೆ ಬಿಳಿ ತಲೆಯದು. ಇದು ಅದರ ಕಿಂಡಿಗೆ ಹೋಗುವುದೇ ಇಲ್ಲ. ಮುಂದಿನ ಹೊಸ ವರ್ಷಕ್ಕೆ ಪೇಯ್‌ಚೆನ್ ಇನ್ನೂ ಹತ್ತು ಸಲ ಒರೆಸಿಕೊಳ್ಳಲಿ.

ಚಿಂಗ್‌ಶಾ ಆಸ್ಪತ್ರೆಗೆ ಬಾವ್‌ಜು ಕಾಲಿಟ್ಟಾಗ ಏಳು ಗಂಟೆ. ಪೇಯ್‌ಚೆನ್ ಬಾಗಿಲಲ್ಲೇ ಕಾದಿದ್ದಾಳೆ. ಹೊಸ ತಾರೀಖಿನ ಹಸಿರು ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾಳೆ. ಇದನ್ನೂ ಇಡುತ್ತೇನೆ, ಬೇಡ ಅನ್ನಬೇಡಿ ಎಂದು ಮುಂಚೆಯೇ ಕೇಳಿಕೊಳ್ಳುತ್ತಾಳೆ. ಇಡು, ಅದರ ಕೆಲಸ ಅದು ಮಾಡಲಿ ಎಂದು ಬಾವ್‌ಜು ನಗುತ್ತಾರೆ.

ಹಳೆಯ ಅವಳಿ ಮಾನಿಟರ್‌ಗಳನ್ನು ಕೆಳಗಿಳಿಸಿ, ಅಗಲದ್ದನ್ನು ಡಾಕ್ಟರ ಕಡೆ, ಚೌಕದ್ದನ್ನು ರೋಗಿಯ ಕುರ್ಚಿಯ ಕಡೆ ಕೂರಿಸುತ್ತಾರೆ. ಕೇಬಲ್ ಸಿಕ್ಕಿಸಿ ತಿರುಪು ಬಿಗಿಯುತ್ತಾರೆ. ನೋಟ್‌ಬುಕ್ಕು ತೆರೆದು, ಒಂದು ಬೆರಳಿನಿಂದ ಪುಟದ ಮೇಲಿನ ಅಕ್ಷರ ಹಿಡಿದುಕೊಂಡು ಇನ್ನೊಂದು ಕೈಯ ಒಂದೇ ಬೆರಳಿನಿಂದ ಒತ್ತುತ್ತಾ ಹೋಗುತ್ತಾರೆ. ಒಂದು ಸಾಲಿಗೆ ನಾಲ್ಕು ನಿಮಿಷ. ಮೊದಲ ಸಲ ಚೌಕದ ಪರದೆಯ ಅಕ್ಷರಗಳು ಚಪ್ಪಟೆಯಾಗಿ ಹಿಗ್ಗಿ ಕಾಣುತ್ತವೆ, ಅಳತೆ ತಿದ್ದುತ್ತಾರೆ. ಎರಡನೇ ಸಲ ಮೌಸ್ ದಾಟುವಾಗ ಮೆಟ್ಟಿಲು ಎಡವಿದ ಹಾಗೆ ಮೇಲೆ ಹಾರುತ್ತದೆ. ಎರಡು ಪರದೆಗಳ ಎತ್ತರ ಸಮ ಮಾಡುತ್ತಾರೆ. ಆಮೇಲೆ ಪರೀಕ್ಷೆ. ಬೇಕೆಂದೇ ಹಳೆಯ ಮಾನಿಟರೊಂದನ್ನು ರೋಗಿಯ ಕಡೆ ಸಿಕ್ಕಿಸುತ್ತಾರೆ. ಕಪ್ಪು. ತೆಗೆದು ಚೌಕದ್ದನ್ನು ಸಿಕ್ಕಿಸುತ್ತಾರೆ. ನೀಲಿ. ಯಂತ್ರವನ್ನು ಆರಿಸಿ ಹಚ್ಚಿ, ಆರಿಸಿ ಹಚ್ಚಿ, ಏಳು ಸಲ ನೋಡುತ್ತಾರೆ. ಕೊನೆಗೆ ಕಾರ್ಖಾನೆಯ ಹಳೆ ಚಟದಂತೆ ಮೂಗು ತಾಗುವಷ್ಟು ಹತ್ತಿರ ಹೋಗಿ ಸತ್ತ ಚುಕ್ಕೆ ಹುಡುಕುತ್ತಾರೆ. ಒಂದೂ ಇಲ್ಲ.

ಹೊರಗೆ ಬೆಂಚಿನ ಮೇಲೆ ಮೆಯ್‌ಯುನ್ ಬಂದು ಕೂತಿದ್ದಾಳೆ. ಐವತ್ತೈದರ ಹೆಂಗಸು, ಕಾಲ ಬಳಿ ಒಂದು ಬಟ್ಟೆಯ ಚೀಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ತಲೆಬಾಗುತ್ತಾರೆ. ಊರು ಇದ್ದದ್ದೇ ಇನ್ನೂರು ಮನೆ, ಇಂದಲ್ಲ ನಾಳೆ ಎದುರಾಗಲೇಬೇಕಿತ್ತು. ಕೊನೆಗೆ ಮೆಯ್‌ಯುನ್ ತಾನಾಗಿಯೇ ಹೇಳುತ್ತಾಳೆ, ಎದೆಯಲ್ಲಿ ಒಂದು ಗಂಟು ಸಿಕ್ಕಿದೆ, ಹೋದ ವಾರ ಚಿತ್ರ ತೆಗೆದಿದ್ದಾರೆ, ಇವತ್ತು ವರದಿ ಬರುತ್ತದೆ. ಎದೆ ಮುಟ್ಟಿಕೊಂಡು ಹೇಳುವುದಿಲ್ಲ, ಮೀನಿನ ದರ ಹೇಳಿದಂತೆ ಹೇಳುತ್ತಾಳೆ.

"ನನ್ನ ಇಬ್ಬರು ಗಂಡುಮಕ್ಕಳೂ ಡಾಕ್ಟರಿಗೆ ಫೋನ್ ಮಾಡಿದ್ದಾರೆ, ಅಮ್ಮನಿಗೆ ಮೊದಲು ಹೇಳಬೇಡಿ ಅಂತ. ನಾನೇ ಕಲಿಸಿದ ಪಾಠ ಅಲ್ವಾ. ಅದಕ್ಕೇ ನಿಮ್ಮನ್ನ ಕರೆಸಿದ್ದು ಅಕ್ಕ. ಡಾಕ್ಟರು ಮುಖದಲ್ಲಿ ನಟನೆ ಮಾಡಬಹುದು, ಪರದೆ ಮಾಡೋದಿಲ್ಲ."

ಒಂಬತ್ತಕ್ಕೆ ಡಾಕ್ಟರ್ ವೆನ್ ದೋಣಿಯಿಂದ ಒದ್ದೆಯಾಗಿ ಬಂದು ಕೂರುತ್ತಾರೆ. ಮೆಯ್‌ಯುನ್ ಒಳಗೆ ಹೋಗಿ ರೋಗಿಯ ಕುರ್ಚಿಯಲ್ಲಿ ಕೂರುತ್ತಾಳೆ, ಚೀಲದಿಂದ ಕನ್ನಡಕ ತೆಗೆಯುತ್ತಾಳೆ. ಅವಳಪ್ಪನ ಕನ್ನಡಕದ ಚೌಕಟ್ಟು ಅದು, ಗಾಜು ಮಾತ್ರ ಹೊಸದು. ನಿನ್ನದೇ ವರದಿ, ನೀನೇ ನೋಡಬೇಕೆಂದರೆ ನೋಡು, ಮಕ್ಕಳಿಗೆ ನಾನು ಹೇಳಿಕೊಳ್ಳುತ್ತೇನೆ ಎಂದು ಡಾಕ್ಟರು ಮೌಸ್ ಮೇಲೆ ಕೈಯಿಡುತ್ತಾರೆ. ಅಷ್ಟರಲ್ಲೇ ಬಾವ್‌ಜು ಕೋಣೆಯಿಂದ ಹೊರಗೆ ಬಂದು ಬಾಗಿಲು ಎಳೆದುಕೊಂಡಾಗಿದೆ. ಅವರು ಕಟ್ಟುನಿಟ್ಟಾಗಿ ಪಾಲಿಸುವ ನಿಯಮವಿದು. ರೋಗಿ ಕೂತ ಮೇಲೆ ಅವರು ಆ ಪರದೆ ನೋಡುವುದಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತು ಕೌದಿ ಮಡಚುತ್ತಾರೆ. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚುತ್ತಾರೆ. ಒಳಗಿಂದ ಡಾಕ್ಟರ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ತಪ್ಪಿದ್ದರೆ ಈ ಹೊತ್ತಿಗೆ ಗದ್ದಲವಾಗಬೇಕಿತ್ತು ಎಂದು ಮೆಲ್ಲಗೆ ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಇನ್ನು ಎಷ್ಟು ಕಾಲ ಈ ಕೆಲಸ ಎಂದು ಕೇಳಿದರೆ ಬೆರಳು ನೋಡಿಕೊಳ್ಳುತ್ತಾರೆ. ತಿರುಪು ಹಿಡಿಯುವ ಬೆರಳು ಇನ್ನೊಂದು ಎಂಟು ವರ್ಷ ನಡುಗದಿದ್ದರೆ ಸಾಕಂತೆ. ದಕ್ಷಿಣದ ದ್ವೀಪಗಳಲ್ಲಿ ಇನ್ನೂ ನಾಲ್ಕು ಆಸ್ಪತ್ರೆಗಳಿವೆಯಂತೆ, ಅಲ್ಲಿನ ಮುದುಕರು ಇನ್ನೂ ಡಾಕ್ಟರ ಕಿವಿಯನ್ನೇ ನೋಡುತ್ತಾ ಕೂತಿದ್ದಾರಂತೆ.

ಇಪ್ಪತ್ತು ನಿಮಿಷವಾದ ಮೇಲೆ ಮೆಯ್‌ಯುನ್ ಹೊರಗೆ ಬರುತ್ತಾಳೆ. ಕಣ್ಣು ಒದ್ದೆಯಾಗಿಲ್ಲ, ನಗುವೂ ಇಲ್ಲ. ಬಾವ್‌ಜು ಪಕ್ಕದಲ್ಲಿ ಕೂತು ಕನ್ನಡಕ ಮಡಚಿ ಇಡುತ್ತಾಳೆ.

"ಎಲ್ಲಾ ಓದಿದೆ. ಒಂದು ಸಾಲು ಎರಡು ಸಲ ಓದಿದೆ. ಸದ್ಯಕ್ಕೆ ಕತ್ತರಿಸೋದು ಬೇಡ, ಆರು ತಿಂಗಳಿಗೆ ಮತ್ತೆ ನೋಡೋಣ ಅಂತ ಇದೆ. ಒಳ್ಳೇದಾಗುತ್ತೋ ಕೆಟ್ಟದಾಗುತ್ತೋ ಈಗಲೇ ಗೊತ್ತಾಗಲ್ವಂತೆ. ಗೊತ್ತಾಗಲ್ಲ ಅನ್ನೋದಾದ್ರೂ ನನಗೆ ಗೊತ್ತಾಯ್ತಲ್ಲ" ಅನ್ನುತ್ತಾಳೆ.

ಬಾವ್‌ಜು ತಲೆ ಆಡಿಸುತ್ತಾರೆ. ಮೆಯ್‌ಯುನ್ ಕಾಲ ಬಳಿಯ ಬಟ್ಟೆಯ ಚೀಲ ಎತ್ತಿ ಬೆಂಚಿನ ಮೇಲಿಟ್ಟು ಬಿಚ್ಚುತ್ತಾಳೆ. ಒಳಗಿರುವುದು ಬಾವ್‌ಜು ಅವರ ಸ್ಟೀಲಿನ ಪಾತ್ರೆ. ಮುಚ್ಚಳ ಬಿಗಿಯಾಗಿದೆ, ಪಾತ್ರೆ ಇನ್ನೂ ಬಿಸಿಯಾಗಿದೆ. ಅಪ್ಪನ ಮಂಚದ ಕೆಳಗೆ, ಬಲೆಯ ಸೂಜಿಗಳ ಪೆಟ್ಟಿಗೆಯ ಹಿಂದೆ ಸಿಕ್ಕಿತು, ತೊಳೆದು ಒರೆಸಿ ಇಟ್ಟಿದ್ದ, ಯಾರದೆಂದು ಪೇಯ್‌ಚೆನ್ ಹೇಳಿದಳು ಎನ್ನುತ್ತಾಳೆ. ಬೇರೆಯವರ ಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು, ಅದಕ್ಕೆ ಬೆಳಿಗ್ಗೆ ಎದ್ದು ಶಾವಿಗೆ ಬೇಯಿಸಿದೆ ಎನ್ನುತ್ತಾಳೆ.

ಬಾವ್‌ಜು ಮುಚ್ಚಳ ತೆಗೆಯುತ್ತಾರೆ. ಬಿಸ್ಕತ್ತಿನ ಡಬ್ಬದಿಂದ ತಮ್ಮ ಚಮಚ ಹುಡುಕಿ, ಅಲ್ಲೇ ಬೆಂಚಿನ ಮೇಲೆ, ಮೆಯ್‌ಯುನ್ ಎದುರಿಗೇ ಒಂದು ತುತ್ತು ತಿನ್ನುತ್ತಾರೆ.

"ಉಪ್ಪು ಸರಿಯಾಗಿದೆ" ಅನ್ನುತ್ತಾರೆ.